ಪೂರ್ಣಿಯ ಬೆರಳು

ಖಾನಾಪುರದಿಂದ ಬೆಳಗಾವಿಗೆ ಹೊರಟ ಬಸ್ಸು. ನನ್ನ ಮುಂದಿನ ಸೀಟಿನಲ್ಲಿ ಅಕ್ಕವ್ವ ಎಂಬ ಮುದುಕಿ, ತೊಡೆಯ ಮೇಲೆ ಮೊಮ್ಮಗಳು ಪೂರ್ಣಿ, ಬಾಜುಕ್ಕೆ ಪರಿಚಯದ ಹೆಂಗಸು ಶೈಲಾ.

“ಅಂಗನವಾಡಿ ಟೀಚರ್ ಮಣಿ ಪೋಣಸಾಕ ಕಲಿಸ್ಯಾರ, ಶೈಲಾ. ನಾ ಕೌದಿ ಹೊಲಿಯೋ ಸೂಜಿಗೆ ಈಗ ಪೂರ್ಣಿನೇ ದಾರ ಹಾಕತಾಳ. ಓಡೋ ಬಸ್ಸಿನ್ಯಾಗೂ ಹಾಕತಾಳ ನೋಡ.”

ಹುಡುಗಿ ಹಾಕಿ ತೋರಿಸಿದಳು.

“ಎಷ್ಟ ಸಣ್ಣ ಬೆರಳರಿ ಆಯಿ. ನಾ ಕೆಲಸಕ್ಕ ಹೋಗೋ ಮಚ್ಛೆ ಕಾರ್ಖಾನಿ ಶೆಡ್ಡಿನ್ಯಾಗ ಸ್ಪ್ರಿಂಗ್ ಕೂಡ್ರಸಾಕ ಇಂಥಾವ ಬೇಕ್ರಿ. ದೊಡ್ಡವರ ಕೈ ಮಷೀನಿನ ಸಂದಿಗೆ ಹೋಗಾಂಗಿಲ್ಲ.”

“ಏ, ಐದು ವರ್ಷದ ಕೂಸು. ಜೂನಿಗೆ ಸಾಲಿಗೆ ಹಾಕೂದೈತಿ.”

“ಸಾಲಿ ಎಲ್ಲಿ ಓಡಿ ಹೋಗತೈತ್ರಿ? ಆಟ ಆಡಿದಂಗ ಮಾಡತಾಳ, ನಿಮ್ಮ ಕೈಗೂ ನಾಕು ರೊಕ್ಕ ಬರತಾವ.”

“ನಿನ್ನ ಕೂಡ ಕೆಲಸಕ್ಕ ಒಂದ ಸಣ್ಣ ಹುಡುಗಿ ಬರತಿತ್ತಲ್ಲ?”

“ಅಕಿ ಈಗ ಬರಾಂಗಿಲ್ರಿ. ಕೈಗೆ ಪಟ್ಟಿ ಕಟ್ಯಾರ.”

ಅಕ್ಕವ್ವ ಮೊಮ್ಮಗಳ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

“ಅಂಜಬ್ಯಾಡ್ರಿ ಆಯಿ. ಇವತ್ತ ಬರೇ ಸಾವುಕಾರಗ ತೋರಿಸಿ ಬರೂಣು.”

ಮಚ್ಛೆ ಬಂತು. ಶೈಲಾ ಮಗುವನ್ನು ಎತ್ತಿಕೊಂಡು ಬಾಗಿಲಿನತ್ತ ನಡೆದಳು. ಅದು ಹೆಬ್ಬೆರಳು ಚೀಪತೊಡಗಿದಾಗ ಬಾಯಿಂದ ಎಳೆದು ಮೆಲ್ಲಗೆ ಒರೆಸಿದಳು.

“ಚೀಪಬ್ಯಾಡವಾ, ಬೆರಳ ಕೆಡತಾವ.”

ಬೆಳಗಾವಿಯ ಟಿಕೀಟು ಕೈಯಲ್ಲೇ ಹಿಡಿದುಕೊಂಡು ಅಕ್ಕವ್ವ ಅವಳ ಹಿಂದೆ ಇಳಿದಳು.