ಬೀಗಿತ್ತಿಗೆ ಬಿಳಿ ರೊಟ್ಟಿ

"ಹಲೋ... ಯಾರದು? ... ಓಹೋ, ಕ್ರಿಸಾಂತೋ ಭಾವನಾ? ನಿಮ್ಮ ಫೋನಿಗೇ ಕಾಯ್ತಿದ್ದೆ!"

ಡೊಮಿತಿಲಾ ಬಾಯಿ ತೆರೆದರೆ ಇಶ್ತೆಂಕೊ ಊರಿನ ಇಗರ್ಜಿಯ ಗಂಟೆಯೂ ನಾಚಿ ಸುಮ್ಮನಾಗುತ್ತದೆ. ಅವಳು ತಟ್ಟುವ ನೀಲಿ ಮೆಕ್ಕೆಜೋಳದ ರೊಟ್ಟಿಯ ಘಮಕ್ಕೆ ಸತ್ತವರೂ ಮಗ್ಗುಲು ಬದಲಿಸುತ್ತಾರೆಂಬುದು ಇಡೀ ಮೆಕ್ಸಿಕೋಗೆ ಗೊತ್ತು. ಅಂಥವಳ ಹಿಟ್ಟು ಇವತ್ತು, ಅಕ್ಕ-ಭಾವನ ಮಗಳ ಮದುವೆಯ ದಿನವೇ, ಹೆಣದ ಮುಖದ ಬಣ್ಣಕ್ಕೆ ತಿರುಗಿತ್ತು.

"ಪಂಕ್ತಿ ಕೂತಿದೆ, ರೊಟ್ಟಿ ಎಲ್ಲಿ ಅಂತೀರಾ? ಮೊದಲು ನೀವು ಹೇಳಿ. ಬೆಳಗ್ಗೆ ಕಾಫಿ ನೆಪದಲ್ಲಿ ಬಂದು ನನ್ನ ಹಿಟ್ಟಿಗೆ ಏನು ಸುರಿದ್ರಿ? ... ಸುಳ್ಳು! ಬಿಳಿ ಪುಡಿ ಮೆತ್ತಿದ ಖಾಲಿ ಚೀಲ ಒಲೆ ಹಿಂದೆ ಸಿಕ್ತು. ನಿಮ್ಮ ಬಣ್ಣದಂಗಡಿ ಚೀಲಾನೇ..."

"ಟೈಟೇನಿಯಂ... ಏನು? ಡೈಆಕ್ಸೈಡಾ? ಥೂ, ಹೆಸರು ಹೇಳಿದ್ರೇನೇ ಬಾಯಿ ಮುಕ್ಕಳಿಸ್ಬೇಕು!"

"ಹಾಂ? ... ಗೋಡೆ ಬಣ್ಣಕ್ಕೂ ಅದೇ... ಕಾಗದಕ್ಕೂ ಅದೇ... ಪ್ಲಾಸ್ಟಿಕ್ ಬಕೆಟ್ಟಿಗೂ? ... ಹಲ್ಲುಜ್ಜೋ ಪೇಸ್ಟಿಗೂ ಹಾಕ್ತಾರಾ? ಪೇಸ್ಟನ್ನ ಉಗೀತೀವಿ ಭಾವ, ನುಂಗಲ್ಲ!"

"ನೀರಲ್ಲಿ ಕರಗಲ್ಲ... ಬೆಂಕಿಗೆ ಜಗ್ಗಲ್ಲ... ಕೆಳಗೆ ಯಾವ ಬಣ್ಣ ಇದ್ರೂ ಮುಚ್ಚಿಹಾಕುತ್ತೆ... ಹೊಟ್ಟೇಲೂ ಹೋದ ಹಾಗೇ ಆಚೆ ಬರುತ್ತಾ? ಅಯ್ಯೋ, ವ್ಯಾಕ್! ನೆಂಟರನ್ನ ಊಟಕ್ಕೆ ಕರೆದ್ರೋ, ಕರುಳಿಗೆ ಬಣ್ಣ ಹೊಡೆಸೋಕೆ ಕರೆದ್ರೋ?"

ಅವಳು ಆ ಹಿಟ್ಟಿನ ಬೋಗುಣಿಯನ್ನು ಕಾಲಿಂದ ದೂರ ತಳ್ಳಿದಳು. ಬಾಗಿಲಲ್ಲಿದ್ದ ನಾಯಿ ಮೂಸಿ ನೋಡಿ, ಮೂರು ಹೊಲ ದಾಟುವವರೆಗೂ ನಿಲ್ಲದೆ ಓಡಿತು.

"ಅಲ್ಲ, ಯಾಕೆ ಅಂತ? ... ಮೊಂತೆರೇ ಪಟ್ಟಣದ ಬೀಗರು ಬಿಳಿ ರೊಟ್ಟಿ ಬಿಟ್ಟು ಮುಟ್ಟಲ್ಲ... ನೀಲಿದು ಬಡವರ ರೊಟ್ಟಿ ಅಂತಾರೆ... ಬೀಗಿತ್ತಿ ಭಾರೀ ಜಂಬಗಾತೀನಾ? ಇನ್ನೊಂದ್ಸಲ ಹೇಳಿ, ಜೋರಾಗಿ..."

"ಆ ಹಿಟ್ಟಾ? ಹಂದಿಗೂ ಹಾಕಲ್ಲ, ಹೂಳಿಸ್ತೀನಿ... ಅಳ್ಬೇಡಿ ಭಾವ. ನಾಳೆ ನನ್ನ ರೊಟ್ಟಿ ಅಂಗಡಿಗೆ ಅಂತ ಸುಣ್ಣದ ನೀರಲ್ಲಿ, ಸಿಪ್ಪೆ ಬಿಡೋಕೆ, ನೆನೆಹಾಕಿದ್ದ ಜೋಳ ಇತ್ತು, ಅರೆದಾಯ್ತು. ನೀಲಿ ರೊಟ್ಟಿನೇ ಬರುತ್ತೆ..."

"ತಡ ಯಾಕಾ? ಹೆಂಚಿಂದ ಇಳಿಸಿದ್ದು ಇಳಿಸಿದ ಹಾಗೇ ಖಾಲಿ! ಘಮ ಹಿಡ್ಕೊಂಡು ಬಂದೋರೊಬ್ರು ಒಲೆ ಮುಂದೆ ಕೂತು, ಉಪ್ಪು ಹಸಿಮೆಣಸಿನಕಾಯಿ ನಂಚ್ಕೊಂಡು ತಿಂತಾನೇ ಇದಾರೆ... ಯಾರಾ? ನಿಮ್ಮ ಬೀಗಿತ್ತಿ! ... ಹೂಂ, ಆಗ್ಲಿಂದ ಸ್ಪೀಕರ್ ಹಾಕೇ ಇಟ್ಟಿದೀನಿ. ಬಾಯ್ತುಂಬ ರೊಟ್ಟಿ ಇದೆ, ನುಂಗ್ಲಿ, ಮಾತಾಡ್ತಾರೆ... ಹಲೋ? ... ಭಾವಾ? ... ಹಲೋ?"

ಆ ಕಡೆ ಫೋನು ಕಟ್ಟಾದ ಸದ್ದು ಮೊಂತೆರೇವರೆಗೂ ಕೇಳಿಸಿತು.