ಶೇಖರನ ಲಾರಿಗೆ ಹೊಸ ಚೈನು

ರಾತ್ರಿ ಹತ್ತೂವರೆ ಇರಬೇಕು. ತೊಂಬತ್ತಮೂರನೇ ಇಸವಿ, ಮಾರ್ಗಳಿ ತಿಂಗಳು, ಅಂದ್ರೆ ಧನುರ್ಮಾಸ, ಹಲ್ಲು ಕಟಕಟ ಅನ್ನೋ ಚಳಿ. ಅದಿಯಮಾನ್‌ಕೋಟೆ ಹತ್ರ, ಸೇಲಂ ಹೈವೇ ಪಕ್ಕದ ತನ್ನ ರಿಪೇರಿ ಶೆಡ್ಡಿಗೆ ಬೀಗ ಹಾಕಿ ಮುನಿಕೃಷ್ಣಪ್ಪ ಊರ ಕಡೆ ನಡೀತಿದ್ದ. ನಮ್ಮ ದೊಡ್ಡಪ್ಪನ ಮಗ, ಲಾರಿ ಮೆಕ್ಯಾನಿಕ್ಕು. ಸುಳ್ಳು ಹೇಳೋ ಬಾಯಲ್ಲ ಅವನದು. ನಿಜವನ್ನೇ ಅರ್ಧ ನುಂಗೋನು.

ಹಾಳುಬಾವಿ ದಾಟಿದ. ಆಲದ ಮರದ ಕೆಳಗೆ ಬಂದ. ಹಿಂದಿನಿಂದ ಸದ್ದು…

ಟಕಟಕ… ಟಕಟಕ… ಕರ್ರ್…

ನಿಂತ. ಸದ್ದೂ ನಿಂತಿತು. ಎರಡು ಹೆಜ್ಜೆ ಇಟ್ಟ. ಟಕಟಕ… ಕರ್ರ್…

ಬಾವಿ ರಾಟೆಯಲ್ಲ. ಜೀರುಂಡೆಯಲ್ಲ. ಹಳೇ ಲಾರಿ ಇಂಜಿನ್ನಿನ ಟೈಮಿಂಗ್ ಚೈನು ಸವೆದು ಜೋತುಬಿದ್ದರೆ, ಸ್ಟಾರ್ಟ್ ಮಾಡಿದ ಕೂಡಲೇ ಒಳಗೆ ತಗಡಿಗೆ ಬಡಿಯುತ್ತಲ್ಲ, ಆ ಸದ್ದು. ಶೆಡ್ಡಿನಲ್ಲಿದ್ದದ್ದು ಒಂದೇ ಲಾರಿ, ಶೇಖರನ ಮೂತಿ ಲಾರಿ, ಇಂಜಿನ್ ಮುಂದಕ್ಕೆ ಚಾಚಿಕೊಂಡ ಹಳೇದು. ಅದರೊಳಗೆ ಆಗ ಚೈನೇ ಇರಲಿಲ್ಲ.

ಶೇಖರನೂ ಇರಲಿಲ್ಲ.

ಅವನು ಹೋಗಿ ಎರಡು ತಿಂಗಳಾಗಿತ್ತು. ದೀಪಾವಳಿಗೆ ಮುಂಚೆ ಲಾರಿ ತಂದು ನಿಲ್ಲಿಸಿ, "ಅಣ್ಣಾ, ಚೈನು ಸದ್ದು ಮಾಡ್ತೈತೆ, ಕೇಳು," ಅಂದಿದ್ದ. ಮುನಿಕೃಷ್ಣಪ್ಪನ ಕೈಯಲ್ಲಿ ಆವತ್ತು ಬೇರೆ ಕೆಲಸ. ಆ ಹಳೇ ಇಂಜಿನ್ನಿನ ಚೈನು ಸೇಲಂನಲ್ಲಿ ಸಿಗೋದೂ ಕಷ್ಟ. ಕಿವಿಗೊಟ್ಟು ಕೇಳಿ, "ಇನ್ನೊಂದು ಲೋಡು ತಾಂಗ್ತೈತೆ. ಓಗ್ಬಾ, ಬಂದ್ಮೇಲೆ ಬಿಚ್ಚಾಣ," ಅಂದ. ಅಷ್ಟು ತಡೆದುಕೊಳ್ಳುತ್ತೆ ಅಂತ ಅವನ ಲೆಕ್ಕ.

ಶೇಖರ ಹೋದ. ಸೇಲಂನಿಂದ ಜವ್ವರಿಸಿ, ಅದೇ ಸಬ್ಬಕ್ಕಿಯ ಮೂಟೆ ಹೇರಿಕೊಂಡು ಒಬ್ಬನೇ ಬರುವಾಗ, ತೊಪ್ಪೂರು ಘಾಟಿಯ ಏರಿನಲ್ಲಿ ಚೈನು ಕಿತ್ತು ಇಂಜಿನ್ ನಿಂತಿತು. ಗಾಲಿಗೆ ಕಲ್ಲು ಕೊಡೋಣ ಅಂತ ಇಳಿದು ಹಿಂದಕ್ಕೆ ಹೋದ. ಲೋಡು ಲಾರಿ… ಹಿಂದಕ್ಕೇ ಜಾರಿತು.

ಅವನ ಹೆಂಡತಿ ಮೇನಕಾ ಸೂತಕದ ಹದಿನಾರು ದಿನ ಕಳೆದ ಮೇಲೆ ಶೆಡ್ಡಿಗೆ ಬಂದು, "ಅಣ್ಣಾ, ಲಾರಿ ರೆಡಿ ಮಾಡ್ಕೊಡು. ನಮ್ ರಾಮು ಓಡಿಸ್ತಾನೆ," ಅಂದಳು. ರಾಮು ಅವಳ ತಮ್ಮ, ಕಂಬೈನಲ್ಲೂರಿನಲ್ಲಿರೋನು. ಅವಳು ಬೈದಿದ್ದರೆ ಮುನಿಕೃಷ್ಣಪ್ಪನಿಗೆ ಅರ್ಧ ಭಾರ ಇಳಿಯುತ್ತಿತ್ತು. ಬಯ್ಯಲಿಲ್ಲ.

ಚೈನು ಕಿತ್ತಾಗ ಬಾಗಿದ್ದ ವಾಲ್ವುಗಳನ್ನು ಬದಲಾಯಿಸಿದ. ಮದ್ರಾಸಿನಿಂದ ಚೈನು ತರಿಸಿದ. ಅದನ್ನು ಹಾಕೋಕೆ ಮಾತ್ರ ಕೈ ಏಳಲಿಲ್ಲ. ಎಂಟು ದಿನದಿಂದ ಎಣ್ಣೆ ಕಾಗದದಲ್ಲೇ ಸುತ್ತಿಟ್ಟಿದ್ದ. ಬೆಳಗಾದರೆ ಮೇನಕಾ, ರಾಮು ಲಾರಿ ಒಯ್ಯೋಕೆ ಬರ್ತಾರೆ.

ಆಲದ ಮರದ ಕೆಳಗಿಂದ ವಾಪಸ್ಸು ತಿರುಗಿದ.

ಶೆಡ್ಡಿನ ಬೀಗ ಹಾಕಿದ ಹಾಗೇ ಇತ್ತು. ಒಳಗೆ ಸದ್ದಿಲ್ಲ. ಬಲ್ಬು ಹಚ್ಚಿದ, ಕಾಗದ ಬಿಚ್ಚಿದ.

ಚೈನು ಹಾಕೋದು ದೊಡ್ಡದಲ್ಲ, ಗುರುತು ಕೂರಿಸೋದು ದೊಡ್ಡದು. ಮೇಲೊಂದು ಹಲ್ಲುಚಕ್ರ, ಕೆಳಗೊಂದು. ಎರಡರ ಚುಕ್ಕೆಯೂ ತಮ್ಮ ತಮ್ಮ ಜಾಗಕ್ಕೆ ಬಂದು ನಿಲ್ಲಬೇಕು. ಮೇಲಿನದನ್ನು ಕೈಯಲ್ಲೇ ನಿಲ್ಲಿಸಿದ. ಕೆಳಗಿನದಕ್ಕೆ ಇಂಜಿನ್ನೇ ತಿರುಗಬೇಕು. ಹಿಂದಿನ ಗಾಲಿ ಜಾಕಿ ಮೇಲೆ ಎತ್ತಿ, ಗೇರಿಗೆ ಹಾಕಿ, ಒಬ್ಬ ಗಾಲಿ ತಿರುಗಿಸಬೇಕು. ಇನ್ನೊಬ್ಬ ಮುಂದೆ ಕೂತು ನೋಡಬೇಕು. ಇವನು ಒಂಟಿ. ಹಿಂದಕ್ಕೆ ಹೋಗಿ ತಿರುಗಿಸೋದು, ಮುಂದಕ್ಕೆ ಬಂದು ನೋಡೋದು. ಒಂದು ಹಲ್ಲು ಆಚೆ. ಮತ್ತೆ ಹೋಗೋದು. ಒಂದು ಹಲ್ಲು ಈಚೆ. ಸಾಕಾಗಿ ಇಂಜಿನ್ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟ.

ಲಾರಿ ಹಿಂದಿನಿಂದ ಪಿಸುದನಿ…

"ಅಣ್ಣಾ… ತಿರುಗಿಸ್ಲಾ?"

ರಾಮು ರಾತ್ರಿ ಬಸ್ಸಿಗೇ ಬಂದುಬಿಟ್ಟವ್ನೆ ಅಂದುಕೊಂಡ.

"ತಿರುಗ್ಸಪ್ಪ. ಮೆತ್ತಗೆ."

ಸರ್ರ್… ಗಾಲಿ ತಿರುಗಿತು. ಟಿಕ್… ಟಿಕ್… ಹಲ್ಲುಚಕ್ರ ಒಂದೊಂದೇ ಹಲ್ಲು ಸರಿಯಿತು.

"ಸಾಕಾ?"

"ಇನ್ನೊಂಚೂರು… ಇರು. ಶರಿ."

ಚುಕ್ಕೆ ಬಂದು ನಿಂತಿತು, ಕೂದಲೆಳೆ ತಪ್ಪಿಲ್ಲ. ಚೈನು ಹಾಕಿದ, ಬೋಲ್ಟು ಬಿಗಿದ.

"ಎರಡು ಸುತ್ತು ಬರ್ಲಿ, ನೋಡಾಣ."

ಎರಡು ಸುತ್ತು ಬಂತು. ಚುಕ್ಕೆ ಮತ್ತೆ ಅಲ್ಲಲ್ಲೇ. ಆಗ ಹಿಂದಿನಿಂದ ಮೆಲ್ಲಗೆ…

"ಇದು ತಾಂಗ್ತೈತಾ, ಅಣ್ಣಾ?"

ಮುನಿಕೃಷ್ಣಪ್ಪನ ಕೈಯಲ್ಲಿ ಸ್ಪ್ಯಾನರು ಹಾಗೇ ಉಳಿಯಿತು. ರಾಮುವಿನ ದನಿಯಲ್ಲ ಅದು. ಎದ್ದು ನೋಡಲಿಲ್ಲ. ಹೆದರಿಕೆಗಲ್ಲ… ನೋಡೋಕೆ ಹೋದರೆ ಇರೋದಿಲ್ಲವಲ್ಲ, ಅದಕ್ಕೆ.

"ತಾಂಗ್ತೈತೆ," ಅಂದ. "ಶೇಖರಾ… ನಾನು ಓಗ್ಬಾ ಅಂದೆ ಕಣೋ."

ಹೈವೇ ಮೇಲೆ ಒಂದು ಬಸ್ಸು ಹೋಯ್ತು. ಆಮೇಲೆ…

"ಬರಕ್ಕಾಗ್ಲಿಲ್ಲ, ಅಣ್ಣಾ."

ಅಷ್ಟೇ. ಆಮೇಲೆ ಎಷ್ಟು ಕರೆದರೂ ದನಿಯಿಲ್ಲ. ಮುನಿಕೃಷ್ಣಪ್ಪ ಅಲ್ಲೇ ಕೂತು ಅತ್ತ. ಹೆಂಡತಿ ಅಂಜಮ್ಮ ಹೇಳೋ ಪ್ರಕಾರ, ಹೆತ್ತವ್ವ ಸತ್ತಾಗಲೂ ಅವನು ಅತ್ತೋನಲ್ಲ.

ಕೋಳಿ ಕೂಗೋ ಹೊತ್ತಿಗೆ ಎದ್ದು, ಜಾಕಿ ಇಳಿಸೋಣ ಅಂತ ಹಿಂದಕ್ಕೆ ಹೋದ. ಟೈರಿನ ಮೇಲೆ ಕೈ ಊರಿದ. ಐಸಿನ ಹಾಗೆ ತಣ್ಣಗಿತ್ತು. ಕೈ ಸ್ವಲ್ಪ ಸರಿಯಿತು, ಚಕ್ಕನೆ ತೆಗೆದ. ಅಲ್ಲಿ ಬೆಚ್ಚಗಿತ್ತು, ಅಂಗೈಯಗಲ. ಮೊಳ ದೂರದಲ್ಲಿ ಇನ್ನೊಂದು ಕಡೆ, ಅಲ್ಲೂ ಅಂಗೈಯಗಲ.

ಜಾಕಿ ಇಳಿಸಲಿಲ್ಲ.

ಮೊದಲ ಬಸ್ಸಿಗೆ ರಾಮು ಬಂದಿಳಿದ, ರಾತ್ರಿಯೆಲ್ಲ ಕಂಬೈನಲ್ಲೂರಿನಲ್ಲೇ ಇದ್ದನಂತೆ. ಅವನೂ ಮುಟ್ಟಿ ನೋಡಿದ. "ಇಲ್ಲಿ ಮಾತ್ರ ಯಾಕಣ್ಣಾ ಬೆಚ್ಚಗೈತೆ?" ಅಂದ. ಅಷ್ಟರಲ್ಲಿ ಮೇನಕಾ ಬಂದಳು. ಅವಳಿಗೆ ಮಾತ್ರ ಮುನಿಕೃಷ್ಣಪ್ಪ ಎಲ್ಲವನ್ನೂ ಹೇಳಿದ, ಈ ಸಲ ಅರ್ಧ ನುಂಗಲಿಲ್ಲ.

ಅವಳು ಕೇಳಿಸಿಕೊಂಡಳು. ಹಿಂದಿನ ಗಾಲಿಯ ಹತ್ತಿರ ಹೋಗಿ, ಆ ಎರಡು ಜಾಗದ ಮೇಲೆ ತನ್ನ ಎರಡೂ ಕೈ ಇಟ್ಟಳು.

ನಂಬೋರು ನಂಬಿ, ಬಿಡೋರು ಬಿಡಿ. ರಾಮು ಇನ್ನೂ ಕಂಬೈನಲ್ಲೂರಿನಲ್ಲೇ ಇದ್ದಾನೆ, ಕೇಳಿ ನೋಡಿ. ಹೊತ್ತು ಮೇಲೇರಿ, ಬಿಸಿಲಿಗೆ ಇಡೀ ಟೈರು ಬೆಚ್ಚಗಾಗಿ, ಯಾವುದು ಎಲ್ಲಿತ್ತು ಅಂತ ಗೊತ್ತಾಗದೆ ಹೋಗೋವರೆಗೂ ಮೇನಕಾ ಆ ಕೈ ತೆಗೆಯಲಿಲ್ಲ.