ನಗುತ್ತಿದ್ದ ಸೈನಿಕನನ್ನು ಏನು ಮಾಡಿದಿರಿ?

ವೇದಿಕೆಯ ಮೇಲಿರುವ ಹಿರಿಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತಿಗೆಯವರೇ, ಅವರ ಕೈ ಹಿಡಿದುಕೊಂಡಿರುವ ಮಗಳೇ, ಸ್ಟುಡಿಯೋದ ನನ್ನ ಎಲ್ಲ ಗೆಳೆಯರೇ — ನಮಸ್ಕಾರ. ಮೈಕನ್ನು ಸ್ವಲ್ಪ ದೂರ ಇಡಿ. ನನಗೂ ಅದಕ್ಕೂ ಮೊದಲಿನಿಂದ ಆಗಿಬರುವುದಿಲ್ಲ.

ನಮ್ಮ ಸಂಕಲನಕಾರರು, ನಾವೆಲ್ಲ ಕತ್ತರಿಯಣ್ಣ ಎಂದು ಕರೆಯುತ್ತಿದ್ದವರು, ಇನ್ನಿಲ್ಲ. ಈ ಸಭೆ ಮುಗಿದ ಮೇಲೆ ಇದೇ ಪರದೆಯ ಮೇಲೆ ಅವರ ಯುದ್ಧದ ಸಿನಿಮಾ ತೋರಿಸುತ್ತಾರಂತೆ. ಹೊಸ ಪ್ರತಿ. ಅವರ ನೆನಪಿಗೆ ಎಂದು ಹೊರಗೆ ದೊಡ್ಡ ಪೋಸ್ಟರ್ ಹಾಕಿದ್ದಾರೆ. ಗುಣಗಾನವನ್ನು ಬೇರೆಯವರು ಮಾಡಿಯಾಯಿತು. ನಾನು ಮಾತಾಡುವುದು ಆ ಸಿನಿಮಾದ ಮೊದಲ ದೃಶ್ಯದ ಬಗ್ಗೆ — ಅದೊಂದರ ಬಗ್ಗೆ ಮಾತ್ರ.

ನಾನು ನಾಟಕ ಕಂಪನಿಯಲ್ಲಿ ಬೆಳೆದವನು. ಪರದೆ ಎದ್ದ ಕೂಡಲೇ ಹಿಂದಿನ ಬೆಂಚಿನಲ್ಲಿ ತೂಕಡಿಸುವವನೂ ಬೆಚ್ಚಿಬೀಳಬೇಕು. ನನಗೆ ಕಲಿಸಿದ್ದು ಅದು. ಈ ಸಿನಿಮಾದಲ್ಲಿ ನನ್ನದು ಸೈನ್ಯದ ಫೋಟೋಗ್ರಾಫರನ ಪಾತ್ರ. ಹೊಸದಾಗಿ ಸೇರಿದವರು ಒಬ್ಬೊಬ್ಬರಾಗಿ ಬಂದು ಬಿಳಿ ಬಟ್ಟೆಯ ಮುಂದೆ ಸ್ಟೂಲಿನ ಮೇಲೆ ಕೂರುತ್ತಾರೆ, ಗುರುತಿನ ಚೀಟಿಗೆ ನಾನು ಫೋಟೋ ತೆಗೆಯುತ್ತೇನೆ. ನನಗಿದ್ದದ್ದು ಒಂದೇ ಮಾತು — ‘ನಗಬೇಡ.’ ಅದನ್ನು ನಾನು ಹೇಗೆ ಹೇಳಿದೆ ಗೊತ್ತೇ? ಹೀಗೆ — ಎದೆ ಉಬ್ಬಿಸಿ, ಕೈ ಎತ್ತಿ — ‘ನಗ... ಬೇಡ.’ ಸ್ಟೂಲಿನ ಮೇಲಿದ್ದ ಹೊಸ ನಟ ಕಿಸಕ್ಕನೆ ನಕ್ಕ. ಮತ್ತೆ ಹೇಳಿದೆ. ಮತ್ತೆ ನಕ್ಕ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಶಾಟ್ ಕೆಟ್ಟಿತು ಎಂದು ಎಲ್ಲರೂ ಟೀ ಕುಡಿಯಲು ಹೋದರು.

ಕತ್ತರಿಯಣ್ಣ ಆ ಕೆಟ್ಟ ಶಾಟನ್ನೇ ಆರಿಸಿ ಸಿನಿಮಾದ ತಲೆಗೆ ಇಟ್ಟರು. ಗುಂಡಿಲ್ಲ, ಹೊಗೆಯಿಲ್ಲ, ವಾದ್ಯವಿಲ್ಲ. ಒಂದು ನಗುವ ಮುಖ, ಅಷ್ಟೆ. ನನಗೆ ಮೈಯೆಲ್ಲ ಉರಿಯಿತು. ಎಡಿಟಿಂಗ್ ಕೋಣೆಗೆ ನುಗ್ಗಿದೆ.

‘ಏನಣ್ಣ ಇದು? ಯುದ್ಧದ ಸಿನಿಮಾ. ಒಂದು ತೋಪಾದ್ರೂ ಹಾರಿಸು. ಇಲ್ಲಾ ನಕ್ಷೆ ಹಾಕಿ ಮೇಲೆ ಬಾಣ ಓಡಿಸು.’

‘ಗುಡುಗು, ಮೊದ್ಲು ಕೂತ್ಕೋ.’ ನನ್ನನ್ನು ಅವರು ಕರೆಯುತ್ತಿದ್ದದ್ದು ಹಾಗೆ. ‘ನಕ್ಷೆ ತೋರಿಸಿದ್ರೆ ನೋಡೋನು ಸೇನಾಪತಿ ಆಗ್ಬಿಡ್ತಾನೆ. ತೋಪು ತೋರಿಸಿದ್ರೆ ತೋಪಿನ ಹಿಂದೆ ಹೋಗಿ ನಿಂತ್ಕೋತಾನೆ, ಯಾರಿಗೆ ಬೀಳುತ್ತೆ ಅಂತ ನೋಡ್ತಾನೆ. ಹೆಣ ತೋರಿಸಿದ್ರೆ ಮೊದ್ಲೇ ಅತ್ತು ಮುಗಿಸ್ತಾನೆ. ನನಗೆ ಅವನು ಆ ಸ್ಟೂಲ್ ಮೇಲೆ ಕೂರ್ಬೇಕು.’

‘ಕೂತು?’

‘ಆ ಹುಡುಗನ ಜೊತೆ ಒಂದ್ಸಲ ನಗ್ಲಿ. ಆಮೇಲೆ ಕೊನೇವರೆಗೂ ಅವನನ್ನೇ ಹುಡುಕ್ತಾನೆ. ನಾವೇನೂ ಹೇಳ್ಕೊಡ್ಬೇಕಾಗಿಲ್ಲ.’

ನಾನು ನಂಬಲಿಲ್ಲ. ಮೊದಲ ಆಟಕ್ಕೆ ಹೋಗಿ ಕೂತೆ. ಮೊದಲ ದೃಶ್ಯಕ್ಕೆ ಥಿಯೇಟರು ಬಿದ್ದು ಬಿದ್ದು ನಕ್ಕಿತು. ಆಮೇಲೆ ಸೈನಿಕರು ಎದೆಮಟ್ಟದ ನೀರಿನಲ್ಲಿ ಹೊಳೆ ದಾಟುತ್ತಾರಲ್ಲ — ಆಚೆ ದಡಕ್ಕೆ ಒಬ್ಬೊಬ್ಬರೇ ಏರುತ್ತಾರಲ್ಲ — ನನ್ನ ಹಿಂದಿನ ಸೀಟಿನಲ್ಲಿದ್ದ ಹೆಂಗಸು ಗಂಡನನ್ನು ಕೇಳಿದರು: ‘ರೀ, ಅವನು ಬಂದ್ನಾ? ಆ ನಗೋನು ಬಂದ್ನಾ?’

ನಾನು ತಿರುಗಿ ನೋಡಲಿಲ್ಲ. ನಾನೂ ಅವನನ್ನೇ ಹುಡುಕುತ್ತಿದ್ದೆ.

ಇನ್ನು ಆಸ್ಪತ್ರೆಯ ವಿಷಯ. ಕೊನೆಯ ದಿನಗಳು. ಮಂಚದ ಆಚೆ ಈ ಹೊಸ ಪ್ರತಿಯನ್ನು ಸಿದ್ಧಮಾಡುತ್ತಿದ್ದ ನಮ್ಮ ನಿರ್ದೇಶಕರು, ಈಚೆ ಫ್ಲಾಸ್ಕು ಹಿಡಿದುಕೊಂಡು ನಾನು. ನಿರ್ದೇಶಕರು ಕತ್ತರಿಯಣ್ಣನ ಕೋಣೆಯಲ್ಲೇ ಫಿಲ್ಮ್ ಡಬ್ಬ ಹೊತ್ತು ಕೆಲಸ ಕಲಿತವರು. ಆ ಮನೆಯಲ್ಲಿ ಉಂಡವರು. ಕತ್ತರಿಯಣ್ಣ ಕೇಳಿದ್ದು ಇಷ್ಟೇ — ‘ಹೊಸ ಪ್ರತಿಯಲ್ಲಿ ಹುಡುಗ ನಗ್ತಾನೇನೋ?’

‘ನಗ್ತಾನೆ ಗುರುಗಳೇ. ಒಂದು ಚೂರೂ ಮುಟ್ಟಿಲ್ಲ.’

ಕೈ ಹಿಡಿದುಕೊಂಡು ಹೇಳಿದರು. ನಾನು ಎದುರಿಗೇ ಇದ್ದೆ.

ಅದೇ ವಾರ ನನಗೆ ನಿರ್ದೇಶಕರ ಆಫೀಸಿನಿಂದ ಫೋನು. ಮಕ್ಕಳ ಕಾರ್ಟೂನಿಗೆ ರಾಕ್ಷಸನ ಧ್ವನಿ ಬೇಕಂತೆ. ಸಂತೋಷವಾಗಿ ಹೋದೆ. ಮೊಮ್ಮಕ್ಕಳು ನೋಡುತ್ತಾರಲ್ಲ ಎಂದು ಕಂಠ ಕಿತ್ತುಹೋಗುವ ಹಾಗೆ ಕೂಗಿದೆ — ‘ನುಗ್ಗಿರೋ, ಒಬ್ಬನನ್ನೂ ಉಳಿಸಬೇಡಿ.’

ಮೊನ್ನೆ ಹೊಸ ಪ್ರತಿಯ ಟ್ರಯಲ್ ಶೋಗೆ ಕರೆದರು. ದೀಪ ಆರಿತು. ಮೊದಲು ನಕ್ಷೆ. ಆಮೇಲೆ ತೋಪುಗಳು, ಸಾಲು ಸಾಲಾಗಿ. ಆಮೇಲೆ — ತೋಪಿನ ಸದ್ದನ್ನೂ ಮೀರಿಸಿ ಒಂದು ಗರ್ಜನೆ. ‘ನುಗ್ಗಿರೋ, ಒಬ್ಬನನ್ನೂ ಉಳಿಸಬೇಡಿ.’

ನನ್ನ ಧ್ವನಿ. ಅದರ ಮೇಲೆ ಕತ್ತರಿಯಣ್ಣನ ಹೆಸರು.

ನಗುವ ಹುಡುಗ ಇಲ್ಲ. ಹೊಳೆ ದಾಟುವಾಗ ಹಾಲ್‌ನಲ್ಲಿ ಯಾರೂ ಯಾರನ್ನೂ ಹುಡುಕಲಿಲ್ಲ. ಒಬ್ಬರು ಎದ್ದು ಬಾತ್‌ರೂಮಿಗೆ ಹೋದರು.

ಹೊರಗೆ ಮೆಟ್ಟಿಲ ಹತ್ತಿರ ನಿರ್ದೇಶಕರನ್ನು ಹಿಡಿದು ನಿಲ್ಲಿಸಿದೆ. ‘ಸಾಯೋ ಮನುಷ್ಯನಿಗೆ ಸುಳ್ಳು ಹೇಳಿದ್ಯಲ್ಲೋ.’

‘ನೆಮ್ಮದಿಯಾಗಿ ಹೋಗ್ಲಿ ಅಂತ ಹೇಳ್ದೆ ಸಾರ್. ಈಗಿನ ಜನ ಮೊದಲ ನಿಮಿಷಕ್ಕೇ ಫೋನ್ ತೆಗೀತಾರೆ. ಅಷ್ಟಕ್ಕೂ ನಿಮ್ಮ ಧ್ವನಿ ಎಷ್ಟು ಚೆನ್ನಾಗಿ ಬಂದಿದೆ ನೋಡಿ.’

ಚೆನ್ನಾಗಿಯೇ ಬಂದಿದೆ. ಗೆಳೆಯನ ಕೆಲಸವನ್ನು ಅಳಿಸಲು ನನ್ನ ಗಂಟಲೇ ಬೇಕಾಯಿತು, ಅದನ್ನೂ ನನ್ನಿಂದ ಕದ್ದು ತೆಗೆದುಕೊಂಡರು.

ಕೂತ್ಕೊಳ್ಳಿ ನಿರ್ದೇಶಕರೇ. ಇದು ಅದಕ್ಕೆ ಜಾಗ ಅಲ್ಲ ಎಂದು ಸನ್ನೆ ಮಾಡುತ್ತಿದ್ದೀರಿ, ಕಾಣುತ್ತಿದೆ. ಇದೇ ಜಾಗ. ಅತ್ತಿಗೆ ಬೆಳಿಗ್ಗೆ ನನಗೆ ಹೇಳಿದ್ದನ್ನು ಅವರ ಮಾತಲ್ಲೇ ಹೇಳುತ್ತೇನೆ: ‘ಅವರು ಕಟ್ಟಿದ್ದು ತೋರ್ಸೋದಾದ್ರೆ ತೋರ್ಸಲಿ. ಇಲ್ದಿದ್ರೆ ಅವರ ಹೆಸರು ತೆಗೀಲಿ. ಬೇರೆಯವರ ತೋಪಿಗೆ ನಮ್ಮ ಮನೆಯವರ ಹೆಸರು ಬೇಡ.’

ಅವರ ಮನೆಯಲ್ಲಿದ್ದ ಹಳೆಯ ಪ್ರತಿಯನ್ನು ಮಗಳು ತಂದು ಪ್ರೊಜೆಕ್ಟರ್ ಕೋಣೆಯಲ್ಲಿ ಕೊಟ್ಟಿದ್ದಾಳೆ. ಈಗ ಅಲ್ಲಿ ಎರಡೂ ಇವೆ. ಯಾವುದನ್ನು ಹಾಕಬೇಕು ಎಂದು ನಿರ್ದೇಶಕರೇ ಹೋಗಿ ಹೇಳಲಿ. ಬಾಗಿಲು ಆ ಕಡೆ.

ಬಂಧುಗಳೇ, ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ತಲೆ ತಗ್ಗಿಸಿ, ಆ ದೊಡ್ಡ ಜೀವವನ್ನು ನೆನೆದು, ಮೌನವಾಗಿ ನಿಲ್ಲೋಣ. ದೀಪ ಆರುತ್ತದೆ, ಸಿನಿಮಾ ಶುರುವಾಗುತ್ತದೆ, ಆಗಲೂ ನಿಂತೇ ಇರೋಣ. ಮತ್ತೆ ಕೂರುವುದೋ, ಅತ್ತಿಗೆಯವರ ಹಿಂದೆ ಹೊರಗೆ ನಡೆಯುವುದೋ — ಮೊದಲ ದೃಶ್ಯ ನೋಡಿ ತೀರ್ಮಾನ ಮಾಡೋಣ.